ಎಂಟು ವಾರಕ್ಕೆ ಬಂದವಳು

"ಆ ಸೂಜಿ ಕೆಳಗಿಡಿ!"

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಹರ್ಷಿತಾ ಬೆಚ್ಚಿಬಿದ್ದಳು. ಎದುರು ಕೂತಿದ್ದ ನಿಂಗಮ್ಮನ ಬೆರಳಿಗೆ ಚುಚ್ಚಬೇಕಿದ್ದ ಸೂಜಿ ಟಕ್ಕನೆ ಅವಳದೇ ಬೆರಳಿಗೆ ಚುಚ್ಚಿಕೊಂಡಿತು.

"ಅಮ್ಮಾ!"

ಬೆರಳ ತುದಿಯಲ್ಲಿ ಕೆಂಪು ಹನಿಯೊಂದು ಉಬ್ಬಿ ನಿಂತಿತು. ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಜಗಲಿಯಲ್ಲಿ ಸಾಲಾಗಿ ಕೂತಿದ್ದ ಹೆಂಗಸರು ಗಡಬಡಿಸಿ ಎದ್ದರು.

ಹರ್ಷಿತಾ ತಿರುಗಿ ನೋಡಿದಳು. ಮೊಣಕಾಲವರೆಗೆ ಕೆಂಪು ಧೂಳು, ಕಂಕುಳಲ್ಲಿ ಹಾಜರಿ ಪುಸ್ತಕ. ಇಪ್ಪತ್ತಾರು ಇಪ್ಪತ್ತೇಳರ ಯುವಕ. ಓಡಿಬಂದವನಂತೆ ಏದುಸಿರು ಬಿಡುತ್ತಿದ್ದ.

"ಯಾರ್ರೀ ನೀವು? ಹಿಂಗ್ ಕೂಗಿದ್ರೆ ಎದೆ ಒಡೆದು ಹೋಗಲ್ವಾ?"

"ನಾನು ಈ ಎಸ್ಟೇಟಿನ ಹಾಜರಿ ಲೆಕ್ಕ ಬರೆಯುವ ರೈಟರ್, ಶಶಿಧರ. ಇವರ ರಕ್ತ ತೆಗೀಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಮ್ಯಾನೇಜರ್ ಮೊಣ್ಣಪ್ಪ ಸರ್ ಪರ್ಮಿಷನ್ ಲೆಟರ್ ಕೊಟ್ಟಿದಾರೆ. ಬೇಕಾದ್ರೆ ನೋಡಿ!"

"ಲೆಟರ್ ಹೋದ ವರ್ಷ ಬಂದವರ ಹತ್ರವೂ ಇತ್ತು."

ಅವನು ಲೆಟರಿನತ್ತ ಕಣ್ಣೂ ಹಾಯಿಸಲಿಲ್ಲ. ನೋಟ ಅವಳ ಬೆರಳ ಮೇಲಿತ್ತು.

"ನೋವಾಯ್ತಾ?"

"ಇಲ್ಲ." ಸುಳ್ಳು ಹೇಳಿದಳು.

"ಹಾಗಾದ್ರೆ ಆ ಹನಿ ಯಾಕೆ ವೇಸ್ಟ್ ಮಾಡ್ತೀರಿ? ಮೊದಲು ನಿಮ್ಮದೇ ನೋಡಿ."

ಎಂಥ ಉದ್ಧಟ! ಹರ್ಷಿತಾ ಹಟಕ್ಕೆ ಬಿದ್ದು ಆ ಹನಿಯನ್ನೇ ಪುಟ್ಟ ಪಟ್ಟಿಗೆ ತಾಗಿಸಿ ಅಂಗೈಯಗಲದ ಯಂತ್ರಕ್ಕೆ ತೂರಿಸಿದಳು. ಕ್ಷಣದಲ್ಲಿ ಅಂಕಿ ಮೂಡಿತು.

ಒಂಬತ್ತು ಪಾಯಿಂಟ್ ನಾಲ್ಕು.

ಅವಳ ಮುಖ ಬಿಳಿಚಿಕೊಂಡಿತು. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕು ಎಂದು ಅರ್ಧ ಗಂಟೆಯಿಂದ ಇಲ್ಲಿ ಪಾಠ ಮಾಡಿದ್ದವಳು ಅವಳೇ!

"ಅಯ್ಯೋ ನನ್ನವ್ವ!" ನಿಂಗಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ನಮ್ಗೆ ಏನ್ ತಿನ್ಬೇಕು ಅಂತ ಹೇಳಕ್ ಬಂದ್ ಮಗೀಗೇ ರಕ್ತ ಇಲ್ವಲ್ಲಾ!"

ಜಗಲಿ ಪೂರ್ತಿ ನಕ್ಕಿತು. ಶಶಿಧರನ ತುಟಿಯೂ ಒಂದಿಷ್ಟು ಸಡಿಲವಾಯಿತು... ಆದರೆ ನಗು ಕಣ್ಣಿಗೆ ಏರಲಿಲ್ಲ. ಆ ಕಣ್ಣಲ್ಲಿ ಇದ್ದದ್ದು ಸಿಟ್ಟೇ, ನೋವೇ? ಅವಳಿಗೆ ತಿಳಿಯಲಿಲ್ಲ.

---

ಹರ್ಷಿತಾ ಮೈಸೂರಿನಲ್ಲಿ ಆಹಾರ ಮತ್ತು ಪೋಷಣೆ ವಿಷಯದಲ್ಲಿ ಬಿಎಸ್ಸಿ ಎರಡನೇ ವರ್ಷ ಮುಗಿಸಿದವಳು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ನಿಜವಾದ ಸಂಶೋಧನೆ ಮಾಡಲಿ ಎಂದು ಕೊಡುವ ಫೆಲೋಶಿಪ್ಪಿಗೆ ಅವಳ ಕಾಲೇಜಿನಿಂದ ಆಯ್ಕೆಯಾದದ್ದು ಅವಳೊಬ್ಬಳೇ. ಎಂಟು ವಾರ, ಊಟ ವಸತಿಗೆ ಸ್ಟೈಪೆಂಡು, ಮಾರ್ಗದರ್ಶನಕ್ಕೆ ಪ್ರೊಫೆಸರ್ ಉಷಾರಾಣಿ. ತಿತಿಮತಿ ಹತ್ತಿರದ ಮಾವಿನಕಾಡು ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವ ಹೆಂಗಸರು ಏನು ತಿನ್ನುತ್ತಾರೆ, ಅವರಲ್ಲಿ ರಕ್ತ ಯಾಕೆ ಕಡಿಮೆ... ಇದು ಅವಳ ವಿಷಯ.

ಕುಶಾಲನಗರದ ಬಳಿ ಶುಂಠಿ ಬೆಳೆಯುವ ಅಪ್ಪ ದೇವರಾಜು ಒಂದೇ ಮಾತು ಹೇಳಿದ್ದರು. "ಚಿಕ್ಕೋಳಿದ್ದಾಗ್ಲೇ ನಿನ್ ಕಾಲಿಗೆ ಚಕ್ರ ಇತ್ತು. ಹೋಗು, ಆದ್ರೆ ಹೋದ್ ಕೆಲ್ಸ ಅರ್ಧಕ್ಕೆ ಬಿಡ್ಬೇಡ."

ನಿಜ. ಅವಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಪರೀಕ್ಷೆಗೂ ನಡೆದಾಡುತ್ತಲೇ ಓದಿದವಳು. ಆ ದಿನವೂ ಅಷ್ಟೇ. ತಿತಿಮತಿಯಲ್ಲಿ ಅವಳು ಉಳಿದುಕೊಂಡಿದ್ದ ನಿವೃತ್ತ ಅಂಗನವಾಡಿ ಟೀಚರ್ ಕಾಮಾಕ್ಷಮ್ಮನವರ ಮನೆಯ ಅಂಗಳವನ್ನು ಎಷ್ಟು ಸಲ ಸುತ್ತಿದಳೋ.

"ಹೋದ ವರ್ಷ ಅಲ್ಲಿ ಏನಾಯ್ತು ಆಂಟಿ?"

ಕಾಮಾಕ್ಷಮ್ಮ ಹುರುಳಿ ಆರಿಸುತ್ತಿದ್ದರು. "ಅದನ್ನ ಅವನ ಹತ್ರಾನೇ ಕೇಳು ಮಗಾ. ನಾನು ಹೇಳಿದ್ರೆ ಚಾಡಿ ಆಗ್ತದೆ."

ಮರುದಿನ ಬೆಳಿಗ್ಗೆ ನೇರ ಎಸ್ಟೇಟ್ ಆಫೀಸಿಗೆ ಹೋದಳು.

"ಹೇಳಿ ರೈಟರೇ. ಹೋದ ವರ್ಷದವರು ಏನ್ ಮಾಡಿದ್ರು?"

ಶಶಿಧರ ಪೆನ್ನು ಕೆಳಗಿಟ್ಟ. ಹಾಜರಿ ಪುಸ್ತಕ ಮುಚ್ಚಿದ.

"ಇಬ್ಬರು ಬಂದ್ರು. ಅರವತ್ತು ಹೆಂಗಸರ ರಕ್ತ ನೋಡಿದ್ರು, ಬರ್ಕೊಂಡ್ರು, ಫೋಟೋ ತೆಗ್ದು ಹೋದ್ರು. ಯಾರಿಗೆ ಎಷ್ಟಿತ್ತು ಅಂತ ಯಾರಿಗೂ ಹೇಳ್ಲಿಲ್ಲ. ನಾನು ಮೂರು ಸಲ ಫೋನ್ ಮಾಡಿದೆ. ರಿಪೋರ್ಟ್ ಆಮೇಲೆ ಬರ್ತದೆ ಅಂದ್ರು." ಅವನು ಕಿಟಕಿಯಾಚೆ ಲೈನ್ ಮನೆಗಳತ್ತ ನೋಡಿದ. "ನಿಂಗಮ್ಮನ ಸೊಸೆ ಬಸುರಿ ಇದ್ಲು. ಹೆರಿಗೆಗೆ ಕರ್ಕೊಂಡು ಹೋದಾಗ ಡಾಕ್ಟರು, ಇಷ್ಟು ಕಮ್ಮಿ ರಕ್ತ ಇಟ್ಕೊಂಡು ಇಷ್ಟು ದಿನ ಎಂತ ಮಾಡ್ತಾ ಇದ್ರಿ ಅಂತ ಕೇಳಿದ್ರು... ಮಗು ಉಳೀಲಿಲ್ಲ."

ಹರ್ಷಿತಾ ಬ್ಯಾಗನ್ನು ಹೆಗಲಿನಿಂದ ಇಳಿಸಿದಳು.

"ಆ ಹೆಂಗಸರನ್ನ ಒಬ್ಬೊಬ್ಬರಾಗಿ ಕರೆದು ಸಾಲಲ್ಲಿ ನಿಲ್ಲಿಸಿದವ ನಾನೇ ಮೇಡಂ. ಒಳ್ಳೇದಾಗ್ತದೆ, ಬನ್ನಿ ಅಂತ."

ಅವಳು ನಿಂತಲ್ಲೇ ಬ್ಯಾಗಿನಿಂದ ಹಳದಿ ಕಾರ್ಡುಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ನಾನು ಒಬ್ಬೊಬ್ರಿಗೂ ಅಲ್ಲೇ, ಆಗ್ಲೇ, ಕನ್ನಡದಲ್ಲಿ ಬರೆದು ಕೊಡ್ತೀನಿ. ಕಮ್ಮಿ ಇದ್ದೋರಿಗೆ ಆಸ್ಪತ್ರೆ ಚೀಟಿನೂ ಕೊಡ್ತೀನಿ. ನಮ್ ಉಷಾರಾಣಿ ಮೇಡಂ ಹೇಳಿರೋದೂ ಹಂಗೇ. ಇದು ನನ್ ಮಾತು."

"ಎಂಟು ವಾರಕ್ಕೆ ಬಂದವರ ಮಾತು."

"ಹೌದು, ಎಂಟು ವಾರಕ್ಕೆ ಬಂದೋಳೇ! ಆದ್ರೆ ಮಾತು ಮಾತೇ ಕಣ್ರೀ!"

ಅವನು ಮೊದಲ ಬಾರಿಗೆ ಅವಳನ್ನು ಸರಿಯಾಗಿ ನೋಡಿದ.

---

ಕೆಲಸ ಶುರುವಾಯಿತು. ಆದರೆ ಹರ್ಷಿತಾಗೆ ಹೊಸ ತಲೆನೋವು.

"ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರಿ?" ಇದು ಎಲ್ಲರಿಗೂ ಕೇಳಬೇಕಾದ ಪ್ರಶ್ನೆ. ನಿಂಗಮ್ಮ ಹೇಳಿದಳು: ಅನ್ನ, ಸಾರು, ಮೊಟ್ಟೆ, ಒಂದು ಲೋಟ ಹಾಲು. ಪಕ್ಕದ ಮನೆಯವಳೂ ಅದನ್ನೇ ಹೇಳಿದಳು. ಅದರಾಚೆಯವಳೂ...

ಎಲ್ಲರೂ ದಿನಾ ಮೊಟ್ಟೆ, ಹಾಲು ಸೇವಿಸುತ್ತಿದ್ದರೆ ಈ ಅಂಕಿಗಳೆಲ್ಲ ಎಂಟು, ಒಂಬತ್ತು ಏಕೆ?

"ನೀವು ನಿಂತ್ಕೊಂಡು ಕೇಳ್ತೀರಿ ಮೇಡಂ," ಶಶಿಧರ ಒಂದು ದಿನ ಹೇಳಿದ. "ಕೈಯಲ್ಲಿ ಪೆನ್ನು ಬೇರೆ. ಒಲೆ ಮೇಲೆ ಎಂತ ಉಂಟು ಅಂತ ಪೊಲೀಸರ ಹಾಗೆ ಕೇಳಿದ್ರೆ ಯಾರು ನಿಜ ಹೇಳ್ತಾರೆ? ಇಲ್ಲ ಅನ್ಲಿಕ್ಕೆ ಅವರಿಗೂ ನಾಚಿಕೆ ಅಲ್ವಾ?"

ಮಾತು ಚುಚ್ಚಿತು. ಆದರೆ ಸುಳ್ಳಲ್ಲ!

ಮರುದಿನದಿಂದ ಅವಳು ಪೆನ್ನು ಬ್ಯಾಗಿನೊಳಗಿಟ್ಟು ಒಲೆಯ ಮುಂದೆ ಕೂತಳು. ಕೆಸುವಿನ ಸೊಪ್ಪು ಹೆಚ್ಚಿದಳು, ಒಣಮೀನಿನ ತಲೆ ಮುರಿದಳು, ಭಾನುವಾರ ಹೆಂಗಸರ ಜೊತೆ ಗೋಣಿಕೊಪ್ಪದ ಸಂತೆಗೂ ಹೋದಳು. ಚೀಲ ಹೊರಲು ಎಂಬ ನೆಪದಲ್ಲಿ ಶಶಿಧರನೂ ಬಂದ. ಆಗ ಒಂದೊಂದೇ ನಿಜ ಹೊರಬಂತು. ಬೆಳಿಗ್ಗೆ ಬರೀ ಚಾ. ಮಧ್ಯಾಹ್ನ ಅನ್ನ, ಮೇಲೆ ಮತ್ತೆ ಕಡು ಚಾ. ಮೊಟ್ಟೆ ತಂದರೆ ಗಂಡಸರಿಗೆ, ಮಕ್ಕಳಿಗೆ.

"ಊಟ ಆದ ತಕ್ಷಣ ಚಾ ಕುಡಿದ್ರೆ ಸೊಪ್ಪಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ ಕಣಕ್ಕಾ. ಒಂದು ಗಂಟೆ ಬಿಟ್ಟು ಕುಡೀರಿ."

"ನೀವು?" ಶಶಿಧರ ಹುಬ್ಬೇರಿಸಿದ. "ನೀವು ಬೆಳಿಗ್ಗೆ ಎಂತ ತಿಂದ್ರಿ?"

"...ಬಿಸ್ಕತ್ತು."

"ಎಷ್ಟು?"

"ಎರಡು."

ಅಂದಿನಿಂದ ದಿನಾ ಬೆಳಿಗ್ಗೆ ಅದೇ ವಿಚಾರಣೆ. ಒಂದು ದಿನ ರಾಗಿರೊಟ್ಟಿಯ ಡಬ್ಬಿಯೇ ಬಂತು. ಮಡಿಕೇರಿ ಹತ್ತಿರದ ಗಾಳಿಬೀಡಿನಲ್ಲಿರುವ ಅವನ ಅವ್ವ ಕಳಿಸಿದ ಜೇನೂ ಬಂತು. ಅವ್ವನೊಡನೆ ಫೋನಿನಲ್ಲಿ ಅವನು ತಮ್ಮ ಮನೆಮಾತು ಅರೆಭಾಷೆಯಲ್ಲಿ ಮಾತಾಡುವಾಗ ಹರ್ಷಿತಾ ಕದ್ದು ಕೇಳುತ್ತಿದ್ದಳು. 'ಊಟ ಆತ್ ಅವ್ವಾ' ಎನ್ನುವಾಗ ಆ ಗಡಸು ದನಿ ಎಷ್ಟು ಮೆತ್ತಗಾಗುತ್ತದೆ! ನನ್ನೊಡನೆಯೂ ಹೀಗೆ ಮಾತಾಡಿದರೆ...

ಛೆ! ಏನು ಯೋಚನೆ ಇದು?

'ಮೇಡಂ' ಎಂಬುದು ಯಾವಾಗ 'ಹರ್ಷಿತಾ' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅವಳು ಮಾತ್ರ 'ರೈಟರೇ' ಎನ್ನುವುದನ್ನು ಬಿಡಲಿಲ್ಲ. ಹೆಸರು ಹಿಡಿದು ಕರೆದರೆ ದನಿಯಲ್ಲಿ ಎಲ್ಲವೂ ಬಯಲಾಗುತ್ತದೆ ಎಂಬ ಭಯ. ವಾರಗಳು ಓಡುತ್ತಿದ್ದವು. ಆರನೆಯದೂ ಬಂತು. ಇನ್ನು ಎರಡೇ... ಅವಳು ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

---

ಆ ವಾರವೇ ಲೈನಿಗೆ ಹೊಸ ಸಂಸಾರ ಬಂತು. ಚಂದ್ರು, ಅವನ ಹೆಂಡತಿ ಪೂಜಿತಾ. ಇಪ್ಪತ್ತೊಂದರ ಹುಡುಗಿ, ಆರು ತಿಂಗಳ ಬಸುರಿ. ಬೆಳ್ಳಗಿದ್ದಳು, ಸುಣ್ಣದ ಗೋಡೆಯ ಬಿಳುಪು ಅದು.

ಯಂತ್ರದಲ್ಲಿ ಮೂಡಿದ ಅಂಕಿಯನ್ನು ಹರ್ಷಿತಾ ನಂಬಲಿಲ್ಲ. ಇನ್ನೊಂದು ಬೆರಳಿನಲ್ಲಿ ನೋಡಿದಳು. ಅದೇ.

ಆರು ಪಾಯಿಂಟ್ ಒಂದು.

"ಪೂಜಿತಾ, ನಾಳೇನೇ ಆಸ್ಪತ್ರೆಗೆ ಹೋಗ್ಬೇಕು. ಚೀಟಿ ಇಲ್ಲಿದೆ. ನಿನ್ ಕಾರ್ಡೂ ಇದೆ, ತೋರಿಸು."

"ಆಯ್ತು ಅಕ್ಕ."

ಮರುದಿನ ಹೋಗಿ ನೋಡಿದರೆ ಪೂಜಿತಾ ಗೊಬ್ಬರದ ಬುಟ್ಟಿ ಹೊರುತ್ತಿದ್ದಳು. "ನಾಳೆ ಹೋಗ್ತೀನಿ ಅಕ್ಕ. ಹೊಸ್ದಾಗಿ ಕೆಲ್ಸಕ್ಕೆ ಸೇರಿದೀವಿ, ಆಗ್ಲೇ ರಜ ಅಂದ್ರೆ..." ಚಂದ್ರುವನ್ನು ಕೇಳಿದರೆ, "ಸೋಮವಾರ ಕರ್ಕೊಂಡ್ ಹೋಗ್ತೀನಿ ಮೇಡಂ" ಎಂದ.

ಸೋಮವಾರವೂ ಬಂತು. ಅವರು ಹೋಗಲಿಲ್ಲ.

ಶಶಿಧರ ಇದ್ದಿದ್ದರೆ! ಆದರೆ ಅವನು ಮನೆಯ ಮಾಡು ರಿಪೇರಿಗೆಂದು ಐದು ದಿನದ ಹಿಂದೆ ಗಾಳಿಬೀಡಿಗೆ ಹೋಗಿದ್ದ. ಫೋನ್ ಸ್ವಿಚ್ ಆಫ್. ಕಳಿಸಿದ ಮೆಸೇಜುಗಳು ಒಂದೂ ತಲುಪಲಿಲ್ಲ. ಇತ್ತ ಬುಧವಾರ ಮೈಸೂರಿನಲ್ಲಿ ಫೆಲೋಶಿಪ್ಪಿನವರ ಮುಂದೆ ಅವಳು ಈವರೆಗಿನ ಕೆಲಸವನ್ನು ಮಂಡಿಸಬೇಕು. ತಪ್ಪಿಸುವಂತಿಲ್ಲ.

ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಒಂದು ಕಾಗದ ಬರೆದು, ಮಡಚಿ, ಆಫೀಸಿನಲ್ಲಿ ಮೊಣ್ಣಪ್ಪನವರ ಕೈಗೆ ಕೊಟ್ಟಳು.

"ಸರ್, ರೈಟರ್ ಬಂದ ತಕ್ಷಣ ಕೊಡ್ಬೇಕು. ತುಂಬಾ ಅರ್ಜೆಂಟು."

"ಕೊಡುವ, ಕೊಡುವ." ಮೊಣ್ಣಪ್ಪ ಕರಿಮೆಣಸಿನ ವ್ಯಾಪಾರಿಯೊಡನೆ ಮಾತಾಡುತ್ತಲೇ ಕಾಗದ ತೆಗೆದುಕೊಂಡರು.

---

ಬುಧವಾರ. ಮೈಸೂರಿನ ತಣ್ಣನೆಯ ಹಾಲ್. ಹರ್ಷಿತಾಳ ಮಂಡನೆ ಮುಗಿದಾಗ ಚಪ್ಪಾಳೆ ಬಿತ್ತು. 'ಅತಿ ಕಡಿಮೆ: 6.1' ಎಂದು ಪರದೆಯ ಮೇಲೆ ಮೂಡಿದಾಗ ಮುಂದಿನ ಸಾಲಿನವರು ತಲೆಯಾಡಿಸಿ ಬರೆದುಕೊಂಡಿದ್ದರು. ಉಷಾರಾಣಿ ಮೇಡಂ ಬೆನ್ನು ತಟ್ಟಿದರು.

ಆಗಲೇ ಫೋನ್ ಬಂತು. ಗೊತ್ತಿಲ್ಲದ ನಂಬರು.

"ಹಲೋ?"

"ನಾನು ಊರಿಂದ ಬಂದ ಬೆನ್ನಿಗೇ ಪೂಜಿತಾ ತೋಟದಲ್ಲಿ ಬಿದ್ಲು." ಶಶಿಧರನ ದನಿ! "ಮಡಿಕೇರಿ ಆಸ್ಪತ್ರೆಯಲ್ಲಿ ಇದ್ದೇವೆ. ಅವಳ ಚೀಲದಲ್ಲಿ ನಿಮ್ಮ ಹಳದಿ ಕಾರ್ಡ್ ಉಂಟು. ಆರು ಪಾಯಿಂಟ್ ಒಂದು. ಬರೆದು ಆರು ದಿನ ಆಯ್ತು."

"ಶಶಿ... ನಾನು..."

"ನಿಮ್ಮ ಮೀಟಿಂಗಲ್ಲಿ ಆ ನಂಬರ್ ಚೆನ್ನಾಗಿ ಕಂಡಿರ್ಬೇಕು ಅಲ್ವಾ? ಎಲ್ಲರೂ ಬರ್ಕೊಂಡ್ರಾ?"

ಫೋನ್ ಕಟ್ಟಾಯಿತು.

ಹರ್ಷಿತಾ ಗೋಡೆ ಹಿಡಿದು ನಿಂತಳು. ಹೌದು... ಬರೆದುಕೊಂಡರು. ಚಪ್ಪಾಳೆಯನ್ನೂ ತಟ್ಟಿದರು!

"ಮೇಡಂ, ನನಗೆ ಈ ಫೆಲೋಶಿಪ್ ಬೇಡ. ಬಿಟ್ಬಿಡ್ತೀನಿ." ಅವಳು ಬಿಕ್ಕಿದಳು.

ಉಷಾರಾಣಿ ಎಲ್ಲವನ್ನೂ ಕೇಳಿಸಿಕೊಂಡರು. "ಬಿಡೋದಾದ್ರೆ ನಾಳೆ ಬಿಡು. ಈವತ್ತು ಆ ಹುಡುಗಿ ಹತ್ರ ಹೋಗು. ಆಸ್ಪತ್ರೆಗೆ ಈಗಲೇ ನಾನೂ ಫೋನ್ ಮಾಡಿ ಮಾತಾಡ್ತೀನಿ. ಎದ್ದೇಳು!"

ಮಡಿಕೇರಿ ಬಸ್ಸು ಕುಶಾಲನಗರದಲ್ಲಿ ಹತ್ತು ನಿಮಿಷ ನಿಂತಿತು. ಮನೆ ಅಲ್ಲಿಂದ ಆಟೋ ದೂರ. ಇಳಿದು ಅಮ್ಮನ ಮಡಿಲಿಗೆ ಓಡಿಬಿಡಲೇ? ಕಾಲು ಒಂದು ಕ್ಷಣ ತವಕಿಸಿತು. ಅವಳು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಳು. ಬಸ್ಸು ಯಾಕೆ ಇಷ್ಟು ನಿಧಾನ? ಘಾಟಿಯ ತಿರುವು ಯಾಕೆ ಇಷ್ಟೊಂದು?

ಆಸ್ಪತ್ರೆಯ ಮೆಟ್ಟಿಲಲ್ಲಿ ಶಶಿಧರ ಕೂತಿದ್ದ. ಮೊಣಕೈಯಲ್ಲಿ ಹತ್ತಿಯ ಪಟ್ಟಿ.

"ಹೇಗಿದಾಳೆ?"

"ರಕ್ತ ಹಾಕ್ತಾ ಇದ್ದಾರೆ. ಇನ್ನೊಂದು ಬಾಟ್ಲಿ ಬೇಕಂತೆ."

"ನಾನು ಕೊಡ್ತೀನಿ!"

ಒಳಗೆ ಓಡಿದಳು. ನರ್ಸು ಅವಳ ಬೆರಳು ಚುಚ್ಚಿ ನೋಡಿ ತಲೆಯಲ್ಲಾಡಿಸಿದರು. "ಹತ್ತು ಪಾಯಿಂಟ್ ಎಂಟು. ನಿಮ್ಮಿಂದ ತಗೊಳ್ಳೋ ಹಾಗಿಲ್ಲಮ್ಮ."

ಅವಳು ಹೊರಬಂದಾಗ ಚಂದ್ರು ರಕ್ತ ಕೊಡಲು ಒಳಗೆ ಹೋಗುತ್ತಿದ್ದ. ಶಶಿಧರ ಮುಖ ತಿರುಗಿಸಿದ.

"ನೀವು ಯಾಕೆ ಬಂದ್ರಿ? ನಿಮ್ಮ ಕೆಲಸ ಮುಗೀತಲ್ವಾ?"

ಕಾಗದದ ವಿಷಯ ಅವಳ ನಾಲಿಗೆಯ ತುದಿಯವರೆಗೆ ಬಂತು. ಕೊಟ್ಟಿದ್ದೆ, ನೀವೇ ಓದಲಿಲ್ಲವಾ ಎಂದು ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕಾಗದ ಕೊಟ್ಟು ಬಸ್ಸು ಹತ್ತಿದ್ದು ನಿಜ ತಾನೇ? ಪೂಜಿತಾಳನ್ನು ಕೈಹಿಡಿದು ಕರೆದೊಯ್ಯಬಹುದಿತ್ತು ತಾನೇ?

ಹರ್ಷಿತಾ ಪೂಜಿತಾಳ ಮಂಚದ ಬಳಿ ಹೋಗಿ ಕೂತಳು.

ಪೂಜಿತಾ ಕಣ್ಣು ಬಿಟ್ಟಾಗ ಹರ್ಷಿತಾ ಅವಳ ಕೈ ಹಿಡಿದು ಕೇಳಿದಳು. "ಕಾರ್ಡಲ್ಲಿ ಬರೆದಿದ್ನಲ್ಲೇ... ಯಾಕೆ ಹೋಗ್ಲಿಲ್ಲ?"

"ಓದಕ್ಕೆ ಬರಲ್ಲ ಅಕ್ಕ. ಅಂಕಿ ಗೊತ್ತಾಗುತ್ತೆ." ಪೂಜಿತಾ ಮೆಲ್ಲಗೆ ಹೇಳಿದಳು. "ಆರು ಅಂದ್ರೆ ಜಾಸ್ತಿನೋ ಕಮ್ಮಿನೋ ಗೊತ್ತಾಗ್ಲಿಲ್ಲ. ಕೇಳಕ್ಕೆ ನಾಚಿಕೆ ಆಯ್ತು."

ಹರ್ಷಿತಾಗೆ ಅಳು ತಡೆಯಲಾಗಲಿಲ್ಲ. ಮಾತು ಮಾತೇ ಎಂದು ಎಷ್ಟು ಜಂಬದಿಂದ ಹೇಳಿದ್ದಳು! ಐವತ್ತೆಂಟು ಕಾರ್ಡು ಬರೆದಿದ್ದಳು. ಎಷ್ಟು ಜನಕ್ಕೆ ಅದು ತಲುಪಿದೆ? ಒಬ್ಬರನ್ನಾದರೂ ಕೇಳಿದ್ದಳಾ?

---

ಮರುದಿನ ಅವಳು ತಿತಿಮತಿಗೆ ಮರಳಿದಳು. ಫೆಲೋಶಿಪ್ ಬಿಡಲಿಲ್ಲ. ನಿಂಗಮ್ಮನನ್ನು ಜೊತೆಗೆ ಕರೆದುಕೊಂಡು ಲೈನಿನ ಮೊದಲ ಮನೆಯಿಂದ ಶುರುಮಾಡಿದಳು.

"ಅಕ್ಕಾ, ನಿಮ್ ಕಾರ್ಡ್ ತನ್ನಿ. ಇದ್ರಲ್ಲಿ ಏನಿದೆ ಅಂತ ಬಾಯಲ್ಲೇ ಹೇಳ್ತೀನಿ."

ಮಲಯಾಳಂ ಮಾತ್ರ ಬರುವವರಿಗೆ ನಿಂಗಮ್ಮ ತನ್ನ ಹರುಕು ಮುರುಕು ಮಲಯಾಳಂನಲ್ಲಿ ಹೇಳಿದಳು. ತಮಿಳಿನವರಿಗೆ ಪಕ್ಕದ ಮನೆಯವಳು ಹೇಳಿದಳು. ಕೇಳಿದವರು ತಿರುಗಿ ಹೇಳಬೇಕು. ಆಮೇಲಷ್ಟೇ ಹರ್ಷಿತಾ ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಸಂಜೆ ಕೆಲಸ ಬಿಟ್ಟ ಮೇಲೆ. ಎಂಟಕ್ಕಿಂತ ಕಡಿಮೆ ಇದ್ದ ಒಂಬತ್ತು ಜನರ ಹೆಸರನ್ನು ತಿತಿಮತಿಯ ನರ್ಸಿಗೆ ತಾನೇ ಹೋಗಿ ಕೊಟ್ಟಳು. ಅಪ್ಪಿತಪ್ಪಿಯೂ ಆಫೀಸಿನ ದಾರಿ ಹಿಡಿಯಲಿಲ್ಲ.

ಶಶಿಧರ ದೂರದಿಂದ ನೋಡುತ್ತಿದ್ದ. ಇದೆಂಥ ಹುಡುಗಿ? ಹೋದವಳು ಯಾಕೆ ತಿರುಗಿ ಬಂದಳು? ಬೈದರೂ ಯಾಕೆ ಒಂದು ಮಾತು ಎದುರಾಡಲಿಲ್ಲ?

ನಾಲ್ಕನೇ ದಿನ ಅವನು ಆಸ್ಪತ್ರೆಗೆ ಹೋದಾಗ ಪೂಜಿತಾ ದಿಂಬಿಗೆ ಒರಗಿ ಕೂತಿದ್ದಳು. ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು.

"ಅಣ್ಣಾ, ಅಕ್ಕನ ಮೇಲೆ ಯಾಕೆ ಸಿಟ್ಟು?"

"ಅವಳಿಗೆ ಗೊತ್ತಿತ್ತು ಪೂಜಿತಾ. ಗೊತ್ತಿದ್ದೂ ಹೋದ್ಲು."

"ಮೂರ್ ದಿನ ಮನೆಗೆ ಬಂದ್ರು. ನಾನೇ ನಾಳೆ ನಾಳೆ ಅಂದೆ. ರೈಟರಿಗೆ ಕಾಗದ ಬರ್ದಿದೀನಿ, ಅವ್ರ್ ಬಂದ್ರೆ ಕರ್ಕೊಂಡ್ ಹೋಗ್ತಾರೆ ಅಂತ ಹೇಳೇ ಬಸ್ ಹತ್ತಿದ್ದು. ಕಾಗದ ಸಿಗ್ಲಿಲ್ವಾ?"

ಶಶಿಧರ ಕೂತಲ್ಲಿಂದ ಎದ್ದುಬಿಟ್ಟ.

ಜೀಪು ಓಡಿಸಿಕೊಂಡು ಆಫೀಸಿಗೆ ಬಂದವನೇ ಕೇಳಿದ. "ಸರ್, ಹರ್ಷಿತಾ ನನಗೆ ಕಾಗದ ಕೊಟ್ಟಿದ್ಲಾ?"

ಮೊಣ್ಣಪ್ಪ ಹಣೆ ಉಜ್ಜಿಕೊಂಡರು. "ಓ... ಅದಾ? ಅಯ್ಯೋ, ಮರೆತೇ ಹೋಯ್ತಲ್ಲ ಮಾರಾಯ!" ಡ್ರಾಯರ್ ಎಳೆದರು. ಮೆಣಸಿನ ಸ್ಯಾಂಪಲ್ ಪೊಟ್ಟಣಗಳ ಅಡಿಯಲ್ಲಿ ಕಾಗದ ಮಡಚಿದಂತೆಯೇ ಇತ್ತು.

'ರೈಟರೇ, ಪೂಜಿತಾಗೆ ಆರು ಪಾಯಿಂಟ್ ಒಂದು ಇದೆ. ಎಷ್ಟು ಹೇಳಿದರೂ ನಾಳೆ ಎನ್ನುತ್ತಾಳೆ. ನಿಮ್ಮ ಫೋನ್ ಸಿಗುತ್ತಿಲ್ಲ. ನಾನು ಹೋಗಲೇಬೇಕು, ಗುರುವಾರ ಬರುತ್ತೇನೆ. ಅಲ್ಲಿಯವರೆಗೆ ಕಾಯಬೇಡಿ. ನೀವು ಹೇಳಿದರೆ ಕೇಳುತ್ತಾಳೆ. ದಯವಿಟ್ಟು ಕರೆದುಕೊಂಡು ಹೋಗಿ. — ಹರ್ಷಿತಾ.'

ಅದರ ಕೆಳಗೆ ಇನ್ನೊಂದು ಸಾಲು. ಓದಲಾಗದಂತೆ ಗೀಚಿ ಗೀಚಿ ಹೊಡೆದುಹಾಕಿದ್ದಳು.

ಗಾಳಿಬೀಡಿನಲ್ಲಿ ಮೊದಲ ಮಳೆಗೆ ನೆನೆದು ಕೆಟ್ಟುಹೋದ ತನ್ನ ಫೋನನ್ನು ಶಪಿಸಲೇ, ಈ ಡ್ರಾಯರನ್ನು ಶಪಿಸಲೇ, ಯೋಚಿಸದೆ ಉರಿದ ತನ್ನ ನಾಲಿಗೆಯನ್ನು ಶಪಿಸಲೇ?

ಮೊಣ್ಣಪ್ಪ ಕಾಗದ ಇಸಿದುಕೊಂಡು ಓದಿದರು. ಮುಖ ಸಣ್ಣದಾಯಿತು. "ಆ ಹುಡುಗಿಗೆ ಏನಾದ್ರೂ ಆಗಿದ್ರೆ..." ಎಂದವರು ಕಾಗದವನ್ನು ಮಡಚಿ ಅವನ ಕೈಗಿಟ್ಟರು.

"ಹರ್ಷಿತಾ ನರ್ಸಿಗೆ ಕೊಟ್ಟ ಪಟ್ಟಿಯಲ್ಲಿ ಇನ್ನೂ ಒಂಬತ್ತು ಜನ ಇದ್ದಾರೆ ಸರ್. ನಾಳೆ ಅವರನ್ನ ಆಸ್ಪತ್ರೆಗೆ ಕಳಿಸ್ಬೇಕು. ಜೀಪು ಬೇಕು. ಹಾಜರಿ ಕಟ್ ಮಾಡ್ಬಾರ್ದು."

"ತಗೊಂಡು ಹೋಗು. ಕಟ್ ಇಲ್ಲ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೇನೆ."

ಸಂಜೆ ಶಶಿಧರ ಕಾಮಾಕ್ಷಮ್ಮನವರ ಗೇಟಿನ ಮುಂದೆ ನಿಂತ. ಹರ್ಷಿತಾ ಲೈನಿನಲ್ಲೇ ಇದ್ದಳು. ಕಾಮಾಕ್ಷಮ್ಮ ಮಾತ್ರ ಇದ್ದರು, ಕೈಯಲ್ಲಿ ಪೊರಕೆ.

"ಬಂದ್ಯಾ? ಅಂಗನವಾಡೀಲಿ ನಿನಗಿಂತ ಬುದ್ಧಿ ಇರೋ ಮಕ್ಕಳನ್ನ ನೋಡಿದೀನಿ ನಾನು. ಆ ಮಗು ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ!"

"ತಪ್ಪಾಯ್ತು ಟೀಚರ್."

"ನನಗೆ ಯಾಕೆ ಹೇಳ್ತೀಯಾ?"

---

ಎರಡು ದಿನ ಬಿಟ್ಟು ಪೂಜಿತಾಳನ್ನು ಮನೆಗೆ ಕಳಿಸಿದರು. ಅಕ್ಕ ಬಂದರೆ ಮಾತ್ರ ಜೀಪು ಹತ್ತುತ್ತೇನೆ ಎಂದು ಅವಳು ಹಟ ಹಿಡಿದಳು. ಚಂದ್ರು ಮಾತ್ರೆ ತೆಗೆದುಕೊಂಡು ಬಸ್ಸಿನಲ್ಲಿ ಬರುತ್ತೇನೆಂದು ಉಳಿದ. ಹೀಗೆ, ಮಾತು ಬಿಟ್ಟ ಇಬ್ಬರು ಒಂದೇ ಜೀಪಿನ ಮುಂದಿನ ಸೀಟಿನಲ್ಲಿ ಕೂರಬೇಕಾಯಿತು. ಹಿಂದೆ ಪೂಜಿತಾ ಕಂಬಳಿ ಹೊದ್ದು ಕಣ್ಣು ಮುಚ್ಚಿದಳು.

ಗೋಣಿಕೊಪ್ಪ ದಾಟುವವರೆಗೂ ಹರ್ಷಿತಾ ದುಪಟ್ಟಾದ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಇನ್ನು ನಾಲ್ಕು ದಿನ... ಆಮೇಲೆ ಈ ದಾರಿಯೂ ಇಲ್ಲ, ಈ ಮನುಷ್ಯನೂ ಇಲ್ಲ. ಇಳಿದು ಓಡಿಬಿಡಬೇಕು ಅನಿಸುತ್ತಿದೆ. ಇಳಿಯದೆ ಹೀಗೇ ಕೂತಿರಬೇಕು ಅಂತಲೂ ಅನಿಸುತ್ತಿದೆ!

ತಿತಿಮತಿ ಇನ್ನೂ ಮೂರು ಕಿಲೋಮೀಟರ್ ಇರುವಾಗ ಶಶಿಧರ ಗಕ್ಕನೆ ಬ್ರೇಕ್ ಹಾಕಿ ಎಂಜಿನ್ ನಿಲ್ಲಿಸಿದ.

"ಅಲ್ಲಾಡ್ಬೇಡಿ," ಪಿಸುಗುಟ್ಟಿದ.

ಮುಂದೆ, ಕಾಫಿ ತೋಟದ ಬೇಲಿ ತಳ್ಳಿಕೊಂಡು ಒಂದು ಹೆಣ್ಣಾನೆ ರಸ್ತೆಗೆ ಇಳಿದಿತ್ತು. ಅದರ ಹಿಂದೆ ಇನ್ನೊಂದು. ನಡುವೆ ಮರಿ. ಅವಸರವೇ ಇಲ್ಲ ಅವಕ್ಕೆ.

ಹರ್ಷಿತಾ ಉಸಿರು ಬಿಗಿಹಿಡಿದಳು. ಓಡಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಪಕ್ಕದಲ್ಲಿ ಅವನ ಉಸಿರಿನ ಸದ್ದು.

"ಹರ್ಷಿತಾ," ಅವನು ರಸ್ತೆಯನ್ನೇ ನೋಡುತ್ತಾ ಹೇಳಿದ. "ನಿಮ್ಮ ಕಾಗದ ಸಿಕ್ಕಿತು. ಮೊನ್ನೆ."

ಅವಳ ಬೆರಳು ದುಪಟ್ಟಾದಲ್ಲೇ ನಿಂತಿತು.

"ಸಾರಿ ಅಂದ್ರೆ ಸಾಲದು. ಆದರೆ ಬೇರೆ ಮಾತು ನನಗೆ ಬರೋದಿಲ್ಲ. ನೀವು ಯಾಕೆ ಒಂದು ಮಾತೂ ಹೇಳ್ಲಿಲ್ಲ? ಕಾಗದ ಕೊಟ್ಟಿದ್ದೆ ಅಂತ ಅಂದಿದ್ರೆ ಸಾಕಿತ್ತಲ್ವಾ?"

"ಹೇಳಿ ಏನ್ ಮಾಡೋದು? ನಾನೂ ಸರಿಯಾಗಿ ಮಾಡ್ಲಿಲ್ಲ. ನೀವು ಬೈದಿದ್ದು ಅರ್ಧ ನಿಜ."

"ಅರ್ಧ ಸುಳ್ಳಿಗೆ ಈ ಒಂದು ವಾರ ನನಗೆ ಅನ್ನ ಸೇರ್ಲಿಲ್ಲ."

"ನಂಗೂ..." ಅವಳು ಸುತ್ತಿದ್ದ ಅಂಚನ್ನು ಬಿಡಿಸಿದಳು.

ಮರಿ ರಸ್ತೆಯ ಮಧ್ಯೆ ನಿಂತು ಸೊಂಡಿಲಿನಿಂದ ಮಣ್ಣು ಕೆದಕುತ್ತಿತ್ತು. ತಾಯಿ ಕಾಯುತ್ತಿತ್ತು.

"ಕೊನೆಗೆ ಒಂದು ಸಾಲು ಗೀಚಿ ಹಾಕಿದ್ರಿ," ಅವನೆಂದ. "ಬಿಸಿಲಿಗೆ ಹಿಡಿದು ನೋಡಿದೆ. ದೀಪಕ್ಕೆ ಹಿಡಿದು ನೋಡಿದೆ. ಓದ್ಲಿಕ್ಕೆ ಆಗ್ಲಿಲ್ಲ. ಎಂತ ಬರ್ದಿದ್ರಿ?"

"ಏನೂ ಇಲ್ಲ."

"ಹರ್ಷಿತಾ..."

ಅವ್ವನೊಡನೆ ಮಾತಾಡುವಾಗಿನ ದನಿ! ಅವಳ ಕಣ್ಣು ತುಂಬಿಬಂತು. ಇನ್ನೆಷ್ಟು ದಿನ ಮುಚ್ಚಿಡುವುದು?

"ನೀವಿಲ್ಲದ ಈ ಐದು ದಿನ ನಂಗೆ ಎಲ್ಲೂ ಕೂರಕ್ಕೆ ಆಗ್ತಿಲ್ಲ ಅಂತ ಬರ್ದಿದ್ದೆ. ಆಫೀಸ್ ಕಾಗದದಲ್ಲಿ ಅದನ್ನ ಬರೀಬಾರ್ದು ಅಂತ ಹೊಡೆದು ಹಾಕ್ದೆ. ಸಾಕಾ?"

ಶಶಿಧರ ತಿರುಗಿ ನೋಡಿದ. ಆ ಕಣ್ಣುಗಳಲ್ಲಿ ಈ ಸಲ ನಗು ತುಂಬಿತ್ತು, ನೀರೂ ಇತ್ತು.

"ನಾನು ಗಾಳಿಬೀಡಿನಲ್ಲಿ ಮಾಡಿನ ಮೇಲೆ ಕೂತು ಹೆಂಚು ಹಾಕ್ತಾ ಇದ್ದೆ. ಅವ್ವ ಕೆಳಗಿಂದ ಕೇಳಿದ್ರು, ಯಾಕೋ ಎಲ್ಲಾ ಹೆಂಚು ಸೊಟ್ಟ ಇಡ್ತಾ ಇದ್ದೀಯಾ, ಮನಸ್ಸು ಎಲ್ಲಿ ಉಂಟು ಅಂತ. ತಿತಿಮತಿಯಲ್ಲಿ ಉಂಟು ಅಂದೆ. ಹೆಸರೂ ಹೇಳಿದೆ."

"ಅವ್ರ್ ಏನಂದ್ರು?"

"ಆ ಮಗುವಿಗೆ ಗೊತ್ತುಂಟಾ ಅಂತ ಕೇಳಿದ್ರು." ಅವನು ಮತ್ತೆ ರಸ್ತೆಯತ್ತ ತಿರುಗಿದ. "ನಿಮಗೆ ಇನ್ನೂ ಒಂದು ವರ್ಷ ಓದು ಉಂಟು. ಆಮೇಲೂ ಓದ್ಬಹುದು. ನಾನು ಬರೀ ಎಸ್ಟೇಟ್ ರೈಟರ್. ಆದರೂ ಕೇಳ್ತೇನೆ... ನಿಮ್ಮ ಎಂಟು ವಾರ ಮುಗಿದ ಮೇಲೆ, ನಾನು ನಿಮಗೆ ಯಾರು?"

ಹರ್ಷಿತಾ ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಎಂಟು ವಾರ ಫೆಲೋಶಿಪ್ಪಿಗೆ ಶಶಿ. ನಿಮ್ಗೆ ಅಂತ ನಾನು ಲೆಕ್ಕ ಇಟ್ಟಿಲ್ಲ. ಓದು ಮುಗಿಸ್ತೀನಿ. 'ನಮ್ಮ ಅಪ್ಪನ ಹತ್ರ ಬಂದು ಮಾತಾಡಿ' ಅಂತ ನಾನು ಹೇಳೋವರೆಗೆ ಕಾಯ್ತೀರಾ?"

"ಕಾಯ್ತೇನೆ."

ಬೆರಳುಗಳು ಬೆಸೆದುಕೊಂಡವು. ಹೊರಗೆ ತೋಟದ ಎಲೆಗಳು ಅಲುಗಾಡಿ ನಿಂತವು.

"ಅಣ್ಣಾ..." ಹಿಂದಿನ ಸೀಟಿನಿಂದ ಕಂಬಳಿಯೊಳಗಿನ ದನಿ. "ಆನೆ ಹೋಗಿ ಬಾಳ ಹೊತ್ತಾಯ್ತು!"

ಇಬ್ಬರೂ ಬೆಚ್ಚಿ ಕೈಬಿಟ್ಟರು. ಆಮೇಲೆ ತಡೆಯಲಾಗದೆ ನಕ್ಕರು. ಪೂಜಿತಾ ಕಂಬಳಿಯೊಳಗೆ ಕಿಸಕ್ಕೆಂದಳು.

ರಸ್ತೆ ಖಾಲಿಯಾಗಿತ್ತು. ಶಶಿಧರ ಕೀಲಿಯ ಮೇಲೆ ಕೈಯಿಟ್ಟು ಅವಳತ್ತ ನೋಡಿದ.

"ಹೊರಡುವಾ?"

"ಸ್ವಲ್ಪ ಹೊತ್ತು ಹೀಗೇ ಕೂತಿರೋಣ."

"ಸ್ವಲ್ಪ ಅಂದ್ರೆ ಎಷ್ಟು?"

"ನಂಗೆ ಅವಸರ ಇಲ್ಲ," ಎಂದಳು ಹರ್ಷಿತಾ, ಅವನ ಕೈಯನ್ನು ಮತ್ತೆ ಹಿಡಿದುಕೊಳ್ಳುತ್ತಾ.